ಗುಲ್ಮದ ಗಂಟಿಗೆ ಹೆದರುವ ಮೊದಲು ಇಡೀ ಸ್ಕ್ಯಾನಿಂಗ್ ರಿಪೋರ್ಟ್ ಓದೋಣ

ಪ್ರಶ್ನೆ: ನಮ್ಮ ಚಿನ್ನಿ 9 ವರ್ಷದ ಹೆಣ್ಣು ಲ್ಯಾಬ್ರಡಾರ್. ತೂಕ 34 ಕೆಜಿ. ಸಂತಾನಹರಣ ಆಪರೇಷನ್ ಆಗಿದೆ. ವರ್ಷಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯಲ್ಲಿ ಎಎಲ್‌ಪಿ 820 ಬಂತು. ಎಎಲ್‌ಟಿ ಸ್ವಲ್ಪ ಜಾಸ್ತಿ. (ಎರಡೂ ಲಿವರಿಗೆ ಸಂಬಂಧಿಸಿದ ಕಿಣ್ವಗಳು.) ಸಕ್ಕರೆ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಲ್ಲ ಸರಿ ಇದೆ ಅಂದರು. ಹೊಟ್ಟೆಯೂ ದಪ್ಪ ಕಾಣುತ್ತಿದ್ದುದರಿಂದ ಸ್ಕ್ಯಾನಿಂಗ್ ಮಾಡಿಸಿದೆವು. ರಿಪೋರ್ಟಿನಲ್ಲಿ ಇರುವುದು ಹೀಗೆ: ಲಿವರ್ ಸ್ವಲ್ಪ ದೊಡ್ಡದು, ಪೂರ್ತಿ ಹೈಪರ್‌ಎಕೋಯಿಕ್. ಪಿತ್ತಕೋಶದಲ್ಲಿ ಸ್ಲಡ್ಜ್ (ಕೆಸರಿನಂಥ ಪಿತ್ತ), ಗೋಡೆ ನಾರ್ಮಲ್. ಗುಲ್ಮದಲ್ಲಿ (ಸ್ಪ್ಲೀನ್) 1.4 ಸೆಂ.ಮೀ. ಹೈಪೋಎಕೋಯಿಕ್ ಗಂಟು, ನಿಯೋಪ್ಲೇಸಿಯಾ (ಜೀವಕೋಶ ಅತಿಯಾಗಿ ಬೆಳೆದ ಗಡ್ಡೆ) ಅಲ್ಲ ಎಂದು ಹೇಳಲಾಗದು. ಎರಡೂ ಕಿಡ್ನಿಗಳಲ್ಲಿ ಕಾರ್ಟೆಕ್ಸ್ (ಹೊರಪದರ) ಮತ್ತು ಮೆಡುಲ್ಲಾ (ಒಳಭಾಗ) ನಡುವಿನ ವ್ಯತ್ಯಾಸ ಸ್ವಲ್ಪ ಕಡಿಮೆ. ಅಡ್ರಿನಲ್ ಎಡಗಡೆ 9.6 ಮಿ.ಮೀ., ಬಲಗಡೆ 9.1 ಮಿ.ಮೀ. ಮೂತ್ರಕೋಶದಲ್ಲಿ ತೇಲುವ ಕಣಗಳು. ಕರುಳಿನ ಪದರಗಳು ಸರಿ ಇವೆ. ಹೊಟ್ಟೆಯಲ್ಲಿ ನೀರು ತುಂಬಿಲ್ಲ. ಒಬ್ಬ ಡಾಕ್ಟರು ಬೇಗ ಗುಲ್ಮ ತೆಗೆಸಿಬಿಡಿ ಅಂದರು. ಇನ್ನೊಬ್ಬರು ಕಾದು ನೋಡೋಣ ಅಂದರು. ಚಿನ್ನಿ ಚೆನ್ನಾಗಿಯೇ ಇದ್ದಾಳೆ. ಊಟ ಮುಗಿಸಿ ಇನ್ನೂ ಬೇಕು ಅಂತ ತಟ್ಟೆ ನೆಕ್ಕುತ್ತಾಳೆ. ಬೇಸಿಗೆ ಅಂತ ನೀರು ಜಾಸ್ತಿ ಕುಡಿಯುತ್ತಾಳೆ, ರಾತ್ರಿ ಎರಡು ಸಲ ಉಚ್ಚೆಗೆ ಏಳುತ್ತಾಳೆ. ಇದು ಕ್ಯಾನ್ಸರಾ? ಆಪರೇಷನ್ ಮಾಡಿಸಬೇಕಾ?
ಮೈಸೂರಿನ ಓದುಗರು

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಒಂದು ರಿಪೋರ್ಟ್ ನೋಡಿ ಅವಸರದಲ್ಲಿ ಗುಲ್ಮ ತೆಗೆಸಬೇಡಿ. ಆ ಗಂಟಿಗೆ ಕೆಲವು ವಾರ ಕಾಯಬಹುದು. ಆದರೆ ಸುಮ್ನೆ ಕಾಯುವುದೂ ಸರಿಯಲ್ಲ. ನಿಮ್ಮಿಬ್ಬರು ಡಾಕ್ಟರೂ ಗುಲ್ಮದ ಬಗ್ಗೆ ಮಾತಾಡಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅಡ್ರಿನಲ್ ಗ್ರಂಥಿಯ ಅಳತೆ, ಮತ್ತು ನೀವು ಕೊನೆಯಲ್ಲಿ ಬರೆದ ನೀರಿನ ವಿಷಯ.

ಹೊಟ್ಟೆಯ ಸ್ಕ್ಯಾನಿಂಗ್ ನಮಗೆ ಏನು ತೋರಿಸುತ್ತದೆ ಅನ್ನುವುದು ಗೊತ್ತಿದ್ದರೆ ರಿಪೋರ್ಟಿನ ಅರ್ಧ ಭಯ ಕಡಿಮೆಯಾಗುತ್ತದೆ. ಪ್ರೋಬಿನಿಂದ ಶಬ್ದದ ಅಲೆ ಒಳಗೆ ಹೋಗುತ್ತದೆ, ಅಂಗಗಳಿಗೆ ತಾಗಿ ವಾಪಸ್ ಬರುತ್ತದೆ. ಜಾಸ್ತಿ ವಾಪಸ್ ಬಂದ ಕಡೆ ಪರದೆ ಬೆಳ್ಳಗೆ ಕಾಣುತ್ತದೆ, ಅದು ಹೈಪರ್‌ಎಕೋಯಿಕ್. ಕಡಿಮೆ ಬಂದ ಕಡೆ ಕಪ್ಪಾಗುತ್ತದೆ, ಅದು ಹೈಪೋಎಕೋಯಿಕ್. ಮೂತ್ರ, ಪಿತ್ತದಂಥ ತಿಳಿ ದ್ರವ ಪೂರ್ತಿ ಕಪ್ಪು, ಅದು ಅನ್‌ಎಕೋಯಿಕ್. ಅಂದರೆ ನಮಗೆ ಸಿಗುವುದು ಬಣ್ಣ, ಅಳತೆ, ಆಕಾರ, ಅಂಚು. ಜೀವಕೋಶ ಸಿಗುವುದಿಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಜೀವಕೋಶ. ಹಾಗಾಗಿ ಯಾವುದೇ ಗಂಟು ಕಂಡರೂ ಸ್ಕ್ಯಾನ್ ಮಾಡಿದವರು "ನಿಯೋಪ್ಲೇಸಿಯಾ ಅಲ್ಲ ಎಂದು ಹೇಳಲಾಗದು" ಎಂದು ಬರೆಯಲೇಬೇಕಾಗುತ್ತದೆ. ಆ ಸಾಲು ಪ್ರಾಮಾಣಿಕವಾದದ್ದು. ಅದನ್ನು "ಕ್ಯಾನ್ಸರ್ ಇದೆ" ಎಂದು ಓದಿಕೊಳ್ಳಬೇಡಿ.

ಇನ್ನೊಂದು ವಿಷಯ. ಈ ಬಿಳಿ, ಕಪ್ಪು ಎಲ್ಲ ಹೋಲಿಕೆಯ ಲೆಕ್ಕ. ಆರೋಗ್ಯವಾದ ನಾಯಿಯಲ್ಲಿ ಗುಲ್ಮ ಎಲ್ಲಕ್ಕಿಂತ ಬೆಳ್ಳಗೆ ಇರುತ್ತದೆ, ಲಿವರ್ ಅದಕ್ಕಿಂತ ಸ್ವಲ್ಪ ಕಪ್ಪು, ಕಿಡ್ನಿಯ ಹೊರಪದರ ಲಿವರಿನಷ್ಟೇ ಅಥವಾ ಇನ್ನೂ ಕಪ್ಪು. ಈ ಕ್ರಮ ತಪ್ಪಿದಾಗ ನಾವು ಏನೋ ಆಗಿದೆ ಅನ್ನುತ್ತೇವೆ. ಆದರೆ ಮಷೀನಿನ ಗೇನ್ (ಚಿತ್ರದ ಹೊಳಪಿನ ಮಟ್ಟ) ಸ್ವಲ್ಪ ಏರಿಸಿದರೂ ಎಲ್ಲವೂ ಬೆಳ್ಳಗಾಗುತ್ತದೆ. ಕೂದಲು ಬೋಳಿಸದೆ ಮಾಡಿದ ಸ್ಕ್ಯಾನಿನಲ್ಲಿ, ಗ್ಯಾಸ್ ತುಂಬಿದ ಹೊಟ್ಟೆಯಲ್ಲಿ, ದಪ್ಪ ಕೊಬ್ಬಿನ ಕೆಳಗೆ ಚಿತ್ರ ಇನ್ನೂ ಕೆಡುತ್ತದೆ. "ಸ್ವಲ್ಪ ಹೈಪರ್‌ಎಕೋಯಿಕ್" ಅನ್ನುವಂಥ ಮಾತನ್ನು ಒಂದೇ ಕಾಯಿಲೆಗೆ ಕಟ್ಟಿಹಾಕಲು ಆಗುವುದಿಲ್ಲ.

ಈಗ ನಿಮ್ಮ ಭಯದ ಮೂಲಕ್ಕೆ ಬರೋಣ, ಗುಲ್ಮ. ವಯಸ್ಸಾದ ನಾಯಿಗಳ ಗುಲ್ಮದಲ್ಲಿ ಸಣ್ಣ ಗಂಟು ಕಾಣುವುದು ತುಂಬಾ ಸಾಮಾನ್ಯ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಅಕಸ್ಮಾತ್ತಾಗಿ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ನಾಡ್ಯುಲರ್ ಹೈಪರ್‌ಪ್ಲೇಸಿಯಾ, ಅಂದರೆ ಗುಲ್ಮದ್ದೇ ಜೀವಕೋಶ ಒಂದು ಕಡೆ ಗುಂಪಾಗಿ ಬೆಳೆದದ್ದು. ಕೆಲವು ಗುಲ್ಮದೊಳಗೆ ರಕ್ತ ತಯಾರಾಗುವ ಜಾಗ. ಕೆಲವು ಹಳೆಯ ರಕ್ತಸ್ರಾವದ ಗುರುತು. ರಕ್ತನಾಳದ ಪಕ್ಕದಲ್ಲಿ ಅಚ್ಚ ಬಿಳಿಯಾಗಿ ಕಾಣುವ ಮಯಲೋಲಿಪೋಮಾ ಅಂತೂ ಅಪಾಯವಿಲ್ಲದ್ದು. ಉಳಿದವುಗಳಲ್ಲಿ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್), ಹೆಮಾಂಜಿಯೋಸಾರ್ಕೋಮಾದಂಥ (ರಕ್ತನಾಳದ ಕ್ಯಾನ್ಸರ್) ಕೆಟ್ಟವೂ ಇರುತ್ತವೆ. ಅದರಲ್ಲೂ ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್ ತಳಿಗಳಲ್ಲಿ ಹೆಮಾಂಜಿಯೋಸಾರ್ಕೋಮಾ ಹೆಚ್ಚು ಕಾಣುತ್ತದೆ. ನಿಮಗೆ ಆಪರೇಷನ್ ಹೇಳಿದ ಡಾಕ್ಟರ ಆತಂಕ ಇದೇ ಇರಬೇಕು. ಅವರ ಆತಂಕಕ್ಕೆ ಕಾರಣ ಇದೆ.

ಗುಲ್ಮದ ಗಡ್ಡೆಗಳಲ್ಲಿ ಮೂರರಲ್ಲಿ ಎರಡು ಪಾಲು ಕೆಟ್ಟವು, ಆ ಕೆಟ್ಟವುಗಳಲ್ಲಿ ಮೂರರಲ್ಲಿ ಎರಡು ಪಾಲು ಹೆಮಾಂಜಿಯೋಸಾರ್ಕೋಮಾ ಎಂಬ ಲೆಕ್ಕ ಪಶುವೈದ್ಯರ ನಡುವೆ ಬಹಳ ಕಾಲದಿಂದ ಇದೆ. ನೀವು ಇಂಟರ್ನೆಟ್ಟಿನಲ್ಲಿ ಇದನ್ನು ಓದಿರಲೂಬಹುದು. ಈ ಲೆಕ್ಕ ಹುಟ್ಟಿದ್ದು ಆಪರೇಷನ್ ಮಾಡಿ ತೆಗೆದ ಗಡ್ಡೆಗಳಿಂದ. ಅವುಗಳಲ್ಲಿ ಅನೇಕವು ದೊಡ್ಡವು, ಎಷ್ಟೋ ಒಡೆದು ಹೊಟ್ಟೆಯೊಳಗೆ ರಕ್ತ ಸೋರಿದ್ದವು. ಹಿಮೋಗ್ಲೋಬಿನ್ ಸರಿಯಿರುವ, ಹೊಟ್ಟೆಯಲ್ಲಿ ದ್ರವ ಇಲ್ಲದ, ಗುಲ್ಮದ ಅಂಚನ್ನು ಉಬ್ಬಿಸದ 1.4 ಸೆಂ.ಮೀ. ಗಂಟಿಗೆ ಅದೇ ಲೆಕ್ಕ ಹಾಕುವುದು ತಪ್ಪು.

ಯಾವ ಗಂಟು ನನ್ನನ್ನು ಹೆದರಿಸುತ್ತದೆ? ದೊಡ್ಡದಾಗಿ, ಒಳಗೆಲ್ಲ ಕಪ್ಪು ಪೊಳ್ಳುಗಳಿದ್ದು, ಗುಲ್ಮದ ಆಕಾರವನ್ನೇ ಕೆಡಿಸಿದ್ದು. ಜೊತೆಗೆ ಹೊಟ್ಟೆಯಲ್ಲಿ ದ್ರವ. ಅದರ ಜೊತೆ ಲಿವರಿನಲ್ಲೂ ಗಂಟು, ಅದರಲ್ಲೂ ನಡುವೆ ಬಿಳಿ ಸುತ್ತ ಕಪ್ಪು ಉಂಗುರ ಇರುವ ಗಂಟು. ಇವು ಒಟ್ಟಿಗೆ ಇದ್ದರೆ ನಾನೂ ತಡ ಮಾಡುವುದಿಲ್ಲ. ಆಗಲೂ ಬರೀ ಚಿತ್ರ ನೋಡಿ ತೀರ್ಪು ಕೊಡಲು ಬರುವುದಿಲ್ಲ. ಒಳ್ಳೆಯ ಹೆಮಟೋಮಾ (ಹೆಪ್ಪುಗಟ್ಟಿದ ರಕ್ತದ ಗಡ್ಡೆ) ಮತ್ತು ಕೆಟ್ಟ ಹೆಮಾಂಜಿಯೋಸಾರ್ಕೋಮಾ ಪರದೆಯ ಮೇಲೆ ಒಂದೇ ಥರ ಕಾಣಬಹುದು. ದೊಡ್ಡ ಗಡ್ಡೆ ಕಂಡ ಕೂಡಲೇ ಮನೆಯವರು ಆಸೆ ಬಿಟ್ಟು ಕೂರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತೆಗೆದು ಲ್ಯಾಬಿಗೆ ಕಳಿಸಿದ ಮೇಲೆ ಎಷ್ಟೋ ಗಡ್ಡೆಗಳು ಬರೀ ಹೆಪ್ಪುಗಟ್ಟಿದ ರಕ್ತ ಎಂದು ಬಂದಿವೆ.

ಚಿನ್ನಿಯ ಗಂಟಿಗೆ ಎರಡು ದಾರಿ ಇವೆ. ಒಂದು, ತೆಳು ಸೂಜಿ ಹಾಕಿ ಜೀವಕೋಶ ತೆಗೆದು ನೋಡುವುದು. ಪ್ಲೇಟ್‌ಲೆಟ್ ಸರಿ ಇರುವುದರಿಂದ, ಗಂಟು ಗಟ್ಟಿಯಾಗಿ ಒಂದೇ ಬಣ್ಣದಲ್ಲಿದ್ದರೆ ಇದು ಮಾಡಬಹುದಾದ ಪರೀಕ್ಷೆ. ಲಿಂಫೋಮಾದಂಥದ್ದು ಇದರಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತದೆ. ಹೆಮಾಂಜಿಯೋಸಾರ್ಕೋಮಾದಲ್ಲಿ ಮಾತ್ರ ಸೂಜಿಗೆ ಬರೀ ರಕ್ತ ಬರುವುದೇ ಜಾಸ್ತಿ, ಉತ್ತರ ಸಿಗುವುದು ಕಷ್ಟ. ಎರಡನೆಯ ದಾರಿ, 4ರಿಂದ 6 ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಅಳೆಯುವುದು. ಆಗುವುದಾದರೆ ಅದೇ ಡಾಕ್ಟರು, ಅದೇ ಮಷೀನು. ಕೈ ಬದಲಾದರೆ ಒಂದೆರಡು ಮಿಲಿಮೀಟರ್ ಹಾಗೇ ಬದಲಾಗುತ್ತದೆ, ಅದನ್ನು ಬೆಳವಣಿಗೆ ಅಂದುಕೊಂಡು ಗಾಬರಿಯಾಗಬಾರದು ಅಲ್ವಾ?

ನಮ್ಮ ಕಡೆಯವರಿಗೆ ಗುಲ್ಮದ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಕರ್ನಾಟಕದಲ್ಲಿ ಉಣ್ಣಿಯಿಂದ ಬರುವ ಎರ್ಲಿಕಿಯಾ, ಬೇಬಿಸಿಯಾ ಜ್ವರ ಬಹಳ. ಗುಲ್ಮ ಪೂರ್ತಿ ಊದಿಕೊಂಡಿದೆ, ಪ್ಲೇಟ್‌ಲೆಟ್ ಇಳಿದಿದೆ, ಒಸಡು ಬಿಳಿಚಿದೆ ಅಂದರೆ ಕ್ಯಾನ್ಸರಿಗಿಂತ ಮೊದಲು ಅದನ್ನೇ ಹುಡುಕಬೇಕು. ಅಸಿಪ್ರೊಮಜೀನ್‌ನಂಥ ಮಂಪರು ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡಿದರೂ ಗುಲ್ಮ ದೊಡ್ಡದಾಗಿ ಕಾಣುತ್ತದೆ. ಚಿನ್ನಿಯ ಗುಲ್ಮ ಒಟ್ಟಾರೆ ಊದಿಲ್ಲ, ರಕ್ತವೂ ಸರಿ ಇದೆ. ಹಾಗಾಗಿ ಅವಳ ವಿಷಯದಲ್ಲಿ ಅದು ಮೊದಲ ಅನುಮಾನವಲ್ಲ.

ಈಗ ಅಡ್ರಿನಲ್. ಇವು ಕಿಡ್ನಿಗಳ ಪಕ್ಕದಲ್ಲಿ, ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಂತೆ ಇರುವ ಎರಡು ಪುಟ್ಟ ಗ್ರಂಥಿಗಳು. ಕಾರ್ಟಿಸೋಲ್ ಎಂಬ ಹಾರ್ಮೋನ್ ತಯಾರಿಸುತ್ತವೆ. ನಾವು ಅಳೆಯುವುದು ಉದ್ದವನ್ನಲ್ಲ, ದಪ್ಪವನ್ನು. ದಪ್ಪದ ಮಿತಿ ನಾಯಿಯ ತೂಕಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 10 ಕೆಜಿ ಒಳಗಿನ ನಾಯಿಗೆ ಸುಮಾರು 5.5 ಮಿ.ಮೀ., 30 ಕೆಜಿ ಮೀರಿದ ನಾಯಿಗೆ ಸುಮಾರು 8 ಮಿ.ಮೀ. ಚಿನ್ನಿಯ ಎರಡೂ ಗ್ರಂಥಿಗಳು 9 ದಾಟಿವೆ. ಎರಡೂ ಒಂದೇ ಪ್ರಮಾಣದಲ್ಲಿ ದಪ್ಪಗಾಗಿವೆ ಅನ್ನುವುದನ್ನು ಗಮನಿಸಿ. ಒಂದು ಮಾತ್ರ ಗಡ್ಡೆಯಂತೆ ಬೆಳೆದು ಇನ್ನೊಂದು ಸಣಕಲಾಗಿದ್ದರೆ ಅಡ್ರಿನಲ್‌ನಲ್ಲೇ ಗಡ್ಡೆ ಅನ್ನುವ ಅನುಮಾನ ಬರುತ್ತಿತ್ತು. ಎರಡೂ ಸಮವಾಗಿ ದಪ್ಪಗಾದರೆ ಮೇಲಿಂದ, ಅಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ, ಜಾಸ್ತಿ ಕೆಲಸ ಮಾಡಿ ಎಂದು ಆದೇಶ ಬರುತ್ತಿರಬಹುದು. ಕಾರ್ಟಿಸೋಲ್ ಅತಿಯಾಗುವ ಕುಶಿಂಗ್ ಕಾಯಿಲೆಯ ಸಾಮಾನ್ಯ ರೂಪ ಅದೇ. ಕುಶಿಂಗ್ ಇರುವ ನಾಯಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವಕ್ಕೆ ಕಾರಣ ಪಿಟ್ಯುಟರಿಯಲ್ಲೇ ಇರುತ್ತದೆ.

ಈ ಅನುಮಾನ ಇಟ್ಟುಕೊಂಡು ಉಳಿದ ಸಾಲುಗಳನ್ನು ಮತ್ತೆ ಓದಿ. ಕಾರ್ಟಿಸೋಲ್ ಜಾಸ್ತಿಯಾದರೆ ಲಿವರಿನ ಜೀವಕೋಶಗಳಲ್ಲಿ ಗ್ಲೈಕೋಜನ್ ತುಂಬಿಕೊಳ್ಳುತ್ತದೆ. ಲಿವರ್ ದೊಡ್ಡದಾಗುತ್ತದೆ, ಪೂರ್ತಿ ಬೆಳ್ಳಗಾಗುತ್ತದೆ. ಎಎಲ್‌ಪಿ ಹಲವು ಪಟ್ಟು ಏರುತ್ತದೆ, ಎಎಲ್‌ಟಿ ಸ್ವಲ್ಪ ಮಾತ್ರ. ನಾಯಿಯ ಲಿವರ್ ಕಾರ್ಟಿಸೋಲ್‌ಗೆ ಉತ್ತರವಾಗಿ ಒಂದು ವಿಶೇಷ ಬಗೆಯ ಎಎಲ್‌ಪಿ ತಯಾರಿಸುವುದೇ ಇದಕ್ಕೆ ಕಾರಣ. ಮನುಷ್ಯರಲ್ಲಿ, ಬೆಕ್ಕುಗಳಲ್ಲಿ ಇದು ಇಲ್ಲ. ಲಿವರ್ ದೊಡ್ಡದಾಗಿ, ಹೊಟ್ಟೆಯ ಸ್ನಾಯು ಸಡಿಲಾಗಿ ಹೊಟ್ಟೆ ಜೋತುಬೀಳುತ್ತದೆ. ಹಸಿವು ಜಾಸ್ತಿಯಾಗುತ್ತದೆ. ನೀರು ಜಾಸ್ತಿ, ಉಚ್ಚೆ ಜಾಸ್ತಿ. ಕೂತಲ್ಲೇ ಏದುಸಿರು ಬಿಡುವುದು, ಮೈ ಪಕ್ಕದ ಕೂದಲು ತೆಳ್ಳಗಾಗುವುದು, ಚರ್ಮ ಕಾಗದದಂತಾಗುವುದು ಇವೂ ಇರುತ್ತವೆ. ಇವು ಚಿನ್ನಿಯಲ್ಲಿ ಇವೆಯಾ ನೋಡಿ. ನೀವು "ಚೆನ್ನಾಗಿಯೇ ಇದ್ದಾಳೆ" ಅನ್ನಲು ಕಾರಣ ಅವಳ ಹಸಿವು. ಲ್ಯಾಬ್ರಡಾರ್ ಸಾಕಿದವರಿಗೆ ಹಸಿವು ರೋಗದ ಲಕ್ಷಣ ಅಂತ ಅನ್ನಿಸುವುದೇ ಇಲ್ಲ. ಅದು ನಿಮ್ಮ ತಪ್ಪಲ್ಲ.

ಪಿತ್ತಕೋಶದ ಸ್ಲಡ್ಜ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಏನೂ ತೊಂದರೆ ಇಲ್ಲದ ನಾಯಿಗಳಲ್ಲೂ ಅದು ಧಾರಾಳವಾಗಿ ಕಾಣುತ್ತದೆ. ಆದರೆ ಕುಶಿಂಗ್ ಅಥವಾ ಥೈರಾಯ್ಡ್ ಕಡಿಮೆ ಇರುವ ನಾಯಿಗಳಲ್ಲಿ ಅದು ಗಟ್ಟಿಯಾಗುತ್ತಾ ಹೋಗಿ ಮ್ಯೂಕೋಸೀಲ್ (ಪಿತ್ತಕೋಶದಲ್ಲಿ ಅಂಟು ಲೋಳೆ ತುಂಬುವುದು) ಆಗಬಹುದು. ಆಗ ಪಿತ್ತಕೋಶ ಪರದೆಯ ಮೇಲೆ ಅಡ್ಡ ಕತ್ತರಿಸಿದ ಕಿವಿ ಹಣ್ಣಿನ ಹಾಗೆ ಕಾಣುತ್ತದೆ, ನಾಯಿಯನ್ನು ಮಗ್ಗುಲು ಬದಲಿಸಿದರೂ ಒಳಗಿನದು ಅಲುಗುವುದಿಲ್ಲ. ಅದು ಒಡೆಯುವ ಅಪಾಯ ಇರುವ ಸ್ಥಿತಿ. ಮುಂದಿನ ಸ್ಕ್ಯಾನಿನಲ್ಲಿ "ಸ್ಲಡ್ಜ್ ಅಲುಗುತ್ತದಾ" ಎಂದು ಡಾಕ್ಟರನ್ನು ಕೇಳಿ.

ಕಿಡ್ನಿಯ ಸಾಲು 9 ವರ್ಷದ ನಾಯಿಯಲ್ಲಿ ದೊಡ್ಡ ಸುದ್ದಿಯಲ್ಲ. ಕಿಡ್ನಿ ಹೇಗೆ ಕಾಣುತ್ತದೆ ಅನ್ನುವುದು ಒಂದು, ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಇನ್ನೊಂದು. ಹಾಗಂತ ಕ್ರಿಯಾಟಿನಿನ್ ಸರಿ ಇದೆ ಎಂದು ಬಿಡುವ ಹಾಗೂ ಇಲ್ಲ. ಕಿಡ್ನಿಯ ಸುಮಾರು ಮುಕ್ಕಾಲು ಶಕ್ತಿ ಹೋದ ಮೇಲಷ್ಟೇ ಅದು ಏರುವುದು. ಮೂತ್ರ ಎಷ್ಟು ಗಾಢವಾಗಿದೆ, ಅದರಲ್ಲಿ ಪ್ರೋಟೀನ್ ಸೋರುತ್ತಿದೆಯಾ ಅನ್ನುವುದನ್ನು ನೋಡಬೇಕು. ನಿಮ್ಮ ಪತ್ರದಲ್ಲಿ ಮೂತ್ರ ಪರೀಕ್ಷೆಯ ಮಾತೇ ಇಲ್ಲ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ. ರಕ್ತ ಪರೀಕ್ಷೆಗೆ, ಸ್ಕ್ಯಾನಿಗೆ ಸಾವಿರಾರು ರೂಪಾಯಿ ಖರ್ಚು ಮಾಡುತ್ತೇವೆ, ಒಂದು ಲೋಟ ಮೂತ್ರ ಹಿಡಿಯುವುದನ್ನು ಬಿಟ್ಟುಬಿಡುತ್ತೇವೆ. ಮೂತ್ರಕೋಶದಲ್ಲಿ ಕಂಡ ತೇಲುವ ಕಣ ಕೊಬ್ಬಿನ ಹನಿ, ಹರಳು, ಕೀವು ಯಾವುದೂ ಆಗಿರಬಹುದು. ಕುಶಿಂಗ್ ನಾಯಿಗಳಲ್ಲಿ ಮೂತ್ರದ ಸೋಂಕು ಸದ್ದಿಲ್ಲದೆ ಇರಬಹುದು. ಕಾರ್ಟಿಸೋಲ್ ಉರಿಯೂತವನ್ನು ಅದುಮಿ ಇಡುವುದರಿಂದ ಉರಿ, ನೋವು ಹೊರಗೆ ಕಾಣುವುದಿಲ್ಲ. ಮೂತ್ರದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕೂಡ ಮಾಡಿಸಿ.

ಕರುಳಿನ ಪದರ ಸರಿ ಇದೆ, ಹೊಟ್ಟೆಯಲ್ಲಿ ದ್ರವ ಇಲ್ಲ ಅನ್ನುವ ಎರಡು ಸಾಲುಗಳನ್ನು ನೀವು ಬಹುಶಃ ಹಾಗೇ ದಾಟಿಬಿಟ್ಟಿದ್ದೀರಿ. ಅವು ಒಳ್ಳೆಯ ಸುದ್ದಿ. ಕರುಳಿನ ಗೋಡೆಯ ಪದರಗಳು ಅಳಿಸಿಹೋದಾಗ ಗಡ್ಡೆಯ ಅನುಮಾನ ಬಲವಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಚಿನ್ನಿಗೆ ಕುಶಿಂಗ್ ಇದೆ ಎಂದು ನಾನು ಹೇಳುತ್ತಿಲ್ಲ. ಸ್ಕ್ಯಾನಿನಿಂದ ಕುಶಿಂಗ್ ಖಚಿತವಾಗುವುದಿಲ್ಲ. ಬಹಳ ದಿನದ ಯಾವುದೇ ಕಾಯಿಲೆ, ಒತ್ತಡದಿಂದಲೂ ಅಡ್ರಿನಲ್ ಸ್ವಲ್ಪ ದಪ್ಪಗಾಗುತ್ತದೆ. ನೀವು ಈಗ ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಬೆಳಿಗ್ಗೆ ಅಳತೆ ಮಾಡಿ ನೀರು ಇಡಿ, ಮರುದಿನ ಅದೇ ಹೊತ್ತಿಗೆ ಎಷ್ಟು ಉಳಿದಿದೆ ನೋಡಿ. ಮೂರು ದಿನ ಹೀಗೆ ಮಾಡಿ. ಕೆಜಿಗೆ 100 ಮಿ.ಲೀ. ದಾಟಿದರೆ, ಅಂದರೆ ಅವಳ ತೂಕಕ್ಕೆ ದಿನಕ್ಕೆ 3.4 ಲೀಟರ್ ಮೀರಿದರೆ, ಅದನ್ನು ಬೇಸಿಗೆಯ ಮೇಲೆ ಹಾಕುವ ಹಾಗಿಲ್ಲ. ಆಮೇಲೆ ಮನೆಯಲ್ಲೇ ಬೆಳಗಿನ ಮೊದಲ ಮೂತ್ರ ಹಿಡಿದು ಕಾರ್ಟಿಸೋಲ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡಿಸಬಹುದು. ಅದು ನಾರ್ಮಲ್ ಬಂದರೆ ಕುಶಿಂಗ್ ಇರುವ ಸಾಧ್ಯತೆ ತುಂಬಾ ಕಡಿಮೆ. ಜಾಸ್ತಿ ಬಂತು ಅಂತ ಕುಶಿಂಗ್ ಖಚಿತ ಅಲ್ಲ, ಆಸ್ಪತ್ರೆಗೆ ಹೋಗಿ ಬಂದ ಗಾಬರಿಗೂ ಅದು ಏರುತ್ತದೆ. ಮುಂದಿನ ಹೆಜ್ಜೆ ಡೆಕ್ಸಾಮೆಥಾಸೋನ್ ಪರೀಕ್ಷೆ. ಸ್ವಲ್ಪ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಕೊಡುವ ಮೊದಲು ಒಮ್ಮೆ, ಕೊಟ್ಟು 4 ಗಂಟೆಯಾದ ಮೇಲೆ ಒಮ್ಮೆ, 8 ಗಂಟೆಯಾದ ಮೇಲೆ ಒಮ್ಮೆ ರಕ್ತ ತೆಗೆಯುತ್ತಾರೆ. ಇಡೀ ದಿನ ಆಸ್ಪತ್ರೆಯಲ್ಲಿ ಬಿಡಬೇಕಾಗುತ್ತದೆ.

ಇದಕ್ಕೂ ಮೊದಲು ಡಾಕ್ಟರಿಗೆ ಒಂದು ವಿಷಯ ತಪ್ಪದೆ ಹೇಳಿ. ತುರಿಕೆಗೆ, ಕಿವಿಗೆ, ಕಣ್ಣಿಗೆ ಅಂತ ಇತ್ತೀಚೆಗೆ ಯಾವ ಮಾತ್ರೆ, ಡ್ರಾಪ್ಸ್, ಮುಲಾಮು ಹಾಕಿದ್ದೀರಿ? ಮೆಡಿಕಲ್ ಶಾಪಿನಲ್ಲಿ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ನೀರಡಿಕೆ, ಹಸಿವು, ಎಎಲ್‌ಪಿ ಎಲ್ಲವನ್ನೂ ಏರಿಸುತ್ತದೆ, ಪರೀಕ್ಷೆಯನ್ನೂ ಕೆಡಿಸುತ್ತದೆ. ಆದರೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಅಡ್ರಿನಲ್‌ಗೆ ಕೆಲಸ ಇಲ್ಲದೆ ಅದು ಸಣ್ಣದಾಗುತ್ತದೆ. ಚಿನ್ನಿಯದು ದೊಡ್ಡದಾಗಿದೆ. ಹಾಗಾಗಿ ಔಷಧಿ ಒಂದೇ ಕಾರಣ ಇರಲಾರದು ಎಂದು ನನ್ನ ಅಂದಾಜು.

ಗುಲ್ಮದ ಆಪರೇಷನ್ ಈಗ ಬೇಡ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೂ ಈ ಕುಶಿಂಗ್ ಅನುಮಾನವೇ ಕಾರಣ. ಕುಶಿಂಗ್ ಇರುವ ನಾಯಿಯ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕು ಬೇಗ ಹಿಡಿಯುತ್ತದೆ, ಬಿಪಿ ಕೂಡ ಏರಿರುತ್ತದೆ. ತುರ್ತು ಇಲ್ಲದ ಆಪರೇಷನ್ನನ್ನು ಈ ವಿಷಯ ಗೊತ್ತಿಲ್ಲದೆ ಮಾಡುವುದು ನಾಯಿಗೆ ಅನ್ಯಾಯ. ಕುಶಿಂಗ್ ಖಚಿತವಾದರೆ ಟ್ರೈಲೋಸ್ಟೇನ್ ಎಂಬ ಔಷಧಿ ಇದೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಪ್ರಮಾಣ ಹೊಂದಿಸಬೇಕು. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಗಂಟು ಬೆಳೆದಿದ್ದರೆ ಆಗ ಗುಲ್ಮದ ಬಗ್ಗೆ ನಿರ್ಧಾರ ಮಾಡಿ. ಅದಕ್ಕೆ ಮೊದಲು ಎದೆಯ ಎಕ್ಸ್‌ರೇ ಒಂದು ಆಗಲಿ.

ಈ ನಡುವೆ ಕೆಲವು ಲಕ್ಷಣ ಕಂಡರೆ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಒಸಡು ಇದ್ದಕ್ಕಿದ್ದಂತೆ ಬಿಳಿಚುವುದು, ನಿಂತಲ್ಲೇ ಕುಸಿಯುವುದು, ಹೊಟ್ಟೆ ಗಂಟೆಗಳಲ್ಲಿ ಉಬ್ಬುವುದು ಗುಲ್ಮದಿಂದ ರಕ್ತ ಸೋರುತ್ತಿರುವ ಗುರುತು. ಬಿಟ್ಟೂ ಬಿಡದೆ ವಾಂತಿ, ಕಣ್ಣು ಅಥವಾ ಒಸಡು ಹಳದಿಯಾಗುವುದು ಪಿತ್ತಕೋಶದ ತೊಂದರೆ ಇರಬಹುದು. ದಿಢೀರ್ ಉಸಿರಾಟದ ತೊಂದರೆ ಕೂಡ ತುರ್ತೇ. ಮತ್ತೆ ಸದಾ ಹಸಿದಿರುವ ಚಿನ್ನಿ ಊಟ ಬಿಟ್ಟು ಮಂಕಾಗಿ ಕೂತರೆ ಅದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಮುಂದಿನ ಸ್ಕ್ಯಾನಿಗೆ ಹೋಗುವಾಗ 8ರಿಂದ 12 ಗಂಟೆ ಊಟ ಕೊಡಬೇಡಿ, ನೀರು ಮಾತ್ರ ತಡೆಯಬೇಡಿ. ಹೋಗುವ ದಾರಿಯಲ್ಲಿ ಉಚ್ಚೆ ಮಾಡಿಸಬೇಡಿ. ಖಾಲಿ ಮೂತ್ರಕೋಶದ ಗೋಡೆ ಸುಮ್ಮನೆ ದಪ್ಪ ಕಾಣುತ್ತದೆ. ಹೊಟ್ಟೆಯ ಕೂದಲು ಬೋಳಿಸಲು ಒಪ್ಪಿಕೊಳ್ಳಿ. ಕುಶಿಂಗ್ ಇದ್ದರೆ ಮತ್ತೆ ಬೆಳೆಯುವುದು ನಿಧಾನ ಆಗಬಹುದು, ಆದರೂ ಚಿತ್ರ ಚೆನ್ನಾಗಿ ಬರಬೇಕಾದರೆ ಬೇರೆ ದಾರಿ ಇಲ್ಲ. ಹಳೆಯ ರಿಪೋರ್ಟಿನ ಜೊತೆ ಹಳೆಯ ಚಿತ್ರಗಳನ್ನೂ ತೆಗೆದುಕೊಂಡು ಹೋಗಿ. ನೀರಿನ ಲೆಕ್ಕ ಬರೆದ ಚೀಟಿಯನ್ನು ಸ್ಕ್ಯಾನ್ ಶುರುವಾಗುವ ಮೊದಲೇ ಡಾಕ್ಟರ ಕೈಗೆ ಕೊಡಿ. ಗಂಟನ್ನು ಅಳೆಯುವಷ್ಟೇ ಎಚ್ಚರದಿಂದ ಎರಡೂ ಅಡ್ರಿನಲ್‌ಗಳನ್ನು ಮತ್ತೊಮ್ಮೆ ಅಳೆಯಲು ಕೇಳಿ.